ಬಲ್ಲಿದರಿಗೆ ಲೆಕ್ಕ ಕೇಳಿದ ಕಥೆಗಾರ್ತಿ

1976ರ ಮಾರ್ಚ್ ತಿಂಗಳಲ್ಲಿ ಸ್ವೀಡನ್ನಿನ ‘ಎಕ್ಸ್‌ಪ್ರೆಸೆನ್’ ಪತ್ರಿಕೆ ಒಂದು ಕಟ್ಟುಕಥೆಯನ್ನು ಪ್ರಕಟಿಸಿತು. ಮೊನಿಸ್ಮಾನಿಯಾ ಎಂಬ ದೇಶದಲ್ಲಿ ಪೊಂಪೆರಿಪೊಸ್ಸಾ ಎಂಬ ಮಹಿಳೆಯಿದ್ದಳು. ಆಕೆ ಮಕ್ಕಳಿಗಾಗಿ ಪುಸ್ತಕಗಳನ್ನು ಬರೆಯುತ್ತಿದ್ದಳು. ತನ್ನ ದೇಶವನ್ನೂ ಅದನ್ನು ಆಳುತ್ತಿದ್ದವರನ್ನೂ ಮನಸಾರೆ ಮೆಚ್ಚಿದ್ದಳು. ಬಡವರಿಲ್ಲದ ಸಮಾಜವನ್ನು ಕಟ್ಟಲು ತನ್ನ ದುಡಿಮೆಯ ಪಾಲೂ ಸಲ್ಲುತ್ತಿದೆ ಎಂಬ ಸಂತೋಷ ಅವಳಿಗಿತ್ತು. ಹೀಗಿರುವಾಗ ಒಂದು ದಿನ, ತಾನು ಕಟ್ಟಬೇಕಾದ ಸೀಮಾಂತ ತೆರಿಗೆಯ ದರ ಶೇ 102 ಎಂಬ ಸಂಗತಿ ಅವಳಿಗೆ ತಿಳಿಯಿತು. ನೂರಕ್ಕೆ ನೂರಕ್ಕಿಂತ ಹೆಚ್ಚು ಎಂಬುದು ಇರಲು ಸಾಧ್ಯವೇ ಎಂದು ಬೆರಗಾದ ಆಕೆ ಕಾಗದ ಹಿಡಿದು ಲೆಕ್ಕ ಹಾಕತೊಡಗಿದಳು.

ಲೆಕ್ಕ ಸರಳವಾಗಿಯೇ ಇತ್ತು. ಆ ವರ್ಷ ಅವಳ ಆದಾಯ 20 ಲಕ್ಷ ಕ್ರೋನಾ. ಮೊದಲ ಒಂದೂವರೆ ಲಕ್ಷಕ್ಕೆ 1.08 ಲಕ್ಷ ತೆರಿಗೆ ಹೋದರೆ ಕೈಯಲ್ಲಿ ಉಳಿಯುವುದು 42 ಸಾವಿರ. ಮಿಕ್ಕ ಹದಿನೆಂಟೂವರೆ ಲಕ್ಷಕ್ಕೆ ಶೇ 102ರಂತೆ 18.87 ಲಕ್ಷ ಕಟ್ಟಬೇಕು. ಅಂದರೆ ಗಳಿಸಿದ್ದಕ್ಕಿಂತ 37 ಸಾವಿರ ಹೆಚ್ಚು. ಅದನ್ನು ಮೊದಲು ಉಳಿದಿದ್ದ 42 ಸಾವಿರದಿಂದ ತುಂಬಿಕೊಟ್ಟರೆ, ಇಪ್ಪತ್ತು ಲಕ್ಷ ದುಡಿದವಳ ಪಾಲಿಗೆ ದಕ್ಕುವುದು ಐದು ಸಾವಿರ. ಬರೆದಷ್ಟೂ ಬಡವಳಾಗುವ ಈ ವಿಚಿತ್ರ ದೇಶದ ಕಥೆಯನ್ನು ಬರೆದವರು ಆಗ 68 ವರ್ಷದವರಾಗಿದ್ದ ಆಸ್ಟ್ರಿಡ್ ಲಿಂಡ್‌ಗ್ರೆನ್. ಪೊಂಪೆರಿಪೊಸ್ಸಾ ಬೇರೆ ಯಾರೂ ಆಗಿರಲಿಲ್ಲ, ಅವರೇ ಆಗಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿಯಾಗಿದ್ದ ನಾನು ಲಿಂಡ್‌ಗ್ರೆನ್ ಅವರ ಹೆಸರನ್ನು ಮೊದಲು ಕೇಳಿದ್ದು ಸಾರ್ವಜನಿಕ ಹಣಕಾಸಿನ ತರಗತಿಯಲ್ಲಿ. ತೆರಿಗೆ ದರಗಳ ಬಗ್ಗೆ ನಮಗೂ ಆಗ ಕುತೂಹಲವಿತ್ತು. 1973-74ರಲ್ಲಿ ನಮ್ಮ ದೇಶದ ಆದಾಯ ತೆರಿಗೆಯ ಗರಿಷ್ಠ ಸೀಮಾಂತ ದರ, ಮೇಲ್ತೆರಿಗೆಯೂ ಸೇರಿ, ಶೇ 97.75ನ್ನು ಮುಟ್ಟಿತ್ತು. ಇಷ್ಟು ಎತ್ತರದ ದರ ತೆರಿಗೆಗಳ್ಳತನಕ್ಕೆ ದಾರಿ ಮಾಡಿಕೊಡುತ್ತದೆ ಎಂದು ವಾಂಛೂ ಸಮಿತಿ 1971ರಲ್ಲಿಯೇ ಎಚ್ಚರಿಸಿತ್ತು. ಅಂಥ ಕಾಲದ ಪಾಠಗಳಲ್ಲಿ ಸ್ವೀಡನ್ನಿನ ಶೇ 102 ಒಂದು ಸ್ವಾರಸ್ಯದ ಅಡಿಟಿಪ್ಪಣಿಯಾಗಿ ಬರುತ್ತಿತ್ತು. ಆ ಅಡಿಟಿಪ್ಪಣಿಯ ಹಿಂದಿದ್ದ ಬದುಕು ಎಷ್ಟು ದೊಡ್ಡದು ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಅವರ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಓದಿದಾಗ.

ಸ್ವೀಡನ್ನಿನಲ್ಲಿ ಆಗ ನಡೆದದ್ದಿಷ್ಟು. ಸ್ವಂತ ವೃತ್ತಿಯಲ್ಲಿದ್ದವರು ಆದಾಯ ತೆರಿಗೆಯ ಜೊತೆಗೆ, ಸಾಮಾನ್ಯವಾಗಿ ಉದ್ಯೋಗದಾತರು ಭರಿಸುವ ಸಾಮಾಜಿಕ ಭದ್ರತೆಯ ವಂತಿಗೆಯನ್ನೂ ತಾವೇ ಕಟ್ಟಬೇಕಿತ್ತು. ಎರಡೂ ಕೂಡಿದಾಗ ಮೊತ್ತ ನೂರನ್ನು ದಾಟುತ್ತಿತ್ತು. ಹಾಗೆ ದಾಟಲಿ ಎಂದು ಯಾರೂ ಬಯಸಿರಲಿಲ್ಲ. ಒಂದೊಂದು ಕಾನೂನನ್ನೂ ಪ್ರತ್ಯೇಕವಾಗಿ ನೋಡಿದರೆ ಅದಕ್ಕೊಂದು ಸಮರ್ಥನೆಯಿತ್ತು. ಅವು ಒಂದೇ ಮನೆಯ ಬಾಗಿಲಲ್ಲಿ ಕೂಡಿದರೆ ಏನಾದೀತು ಎಂದು ನೋಡಿದವರಿರಲಿಲ್ಲ. ಆಡಳಿತದಲ್ಲಿ ಮೂರು ದಶಕ ಕಳೆದ ನನಗೆ ಇದು ಅಚ್ಚರಿಯ ಸಂಗತಿಯಲ್ಲ. ಕಡತಗಳು ಬೇರೆ ಬೇರೆ ಮೇಜುಗಳ ಮೇಲೆ ಬೇರೆ ಬೇರೆಯಾಗಿ ಚಲಿಸುತ್ತವೆ. ಅವೆಲ್ಲ ಒಟ್ಟಿಗೆ ಬಂದು ಬೀಳುವುದು ಪ್ರಜೆಯ ತಲೆಯ ಮೇಲೆ.

1955ರಿಂದಲೂ ಹಣಕಾಸು ಸಚಿವರಾಗಿದ್ದ ಗುನ್ನಾರ್ ಸ್ಟ್ರೆಂಗ್ ಸಂಸತ್ತಿನಲ್ಲಿ ಕಥೆಯನ್ನು ಹಗುರವಾಗಿ ತೆಗೆದುಕೊಂಡರು. ಲೇಖಕಿಗೆ ಸಾಹಿತ್ಯ ಕೌಶಲವಿದೆ, ತೆರಿಗೆಯ ಜ್ಞಾನವಿಲ್ಲ ಎಂಬುದು ಅವರ ಮಾತಿನ ಧಾಟಿ. ಲಿಂಡ್‌ಗ್ರೆನ್ ಕೊಟ್ಟ ಮರುತ್ತರ ಇಂದಿಗೂ ಸ್ವೀಡನ್ನಿನಲ್ಲಿ ಮನೆಮಾತು. ಸಚಿವರಿಗೆ ಕಥೆ ಹೇಳುವುದು ಚೆನ್ನಾಗಿ ಬರುತ್ತದೆ, ಲೆಕ್ಕ ಬರುವುದಿಲ್ಲ. ನಾವಿಬ್ಬರೂ ಕೆಲಸಗಳನ್ನು ಅದಲುಬದಲು ಮಾಡಿಕೊಳ್ಳುವುದು ಒಳ್ಳೆಯದು ಎಂಬ ಅರ್ಥದಲ್ಲಿ ಅವರು ಹೇಳಿದರು. ಲೆಕ್ಕ ಅವರದೇ ಸರಿಯಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನ ಚುನಾವಣೆಯಲ್ಲಿ ಉಲೋಫ್ ಪಾಲ್ಮೆ ನೇತೃತ್ವದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ, ನಾಲ್ಕು ದಶಕಗಳಿಗೂ ಮಿಕ್ಕಿದ ಆಳ್ವಿಕೆಯ ನಂತರ, ಅಧಿಕಾರ ಕಳೆದುಕೊಂಡಿತು.

ಒಂದು ಕಥೆ ಒಂದು ಸರ್ಕಾರವನ್ನು ಉರುಳಿಸಿತು ಎಂದು ಹೇಳುವುದು ಕೇಳಲು ಸೊಗಸಾದರೂ ಪೂರ್ಣ ಸತ್ಯವಲ್ಲ. ಅಣುವಿದ್ಯುತ್ ಸ್ಥಾವರಗಳ ವಿವಾದ, ಕಂಪನಿಗಳ ಷೇರುಗಳನ್ನು ಕಾರ್ಮಿಕ ನಿಧಿಗಳಿಗೆ ವರ್ಗಾಯಿಸುವ ಯೋಜನೆಯ ಬಗೆಗಿನ ಭೀತಿ, ತೆರಿಗೆ ಪ್ರಕರಣವೊಂದರಲ್ಲಿ ಚಲನಚಿತ್ರ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರನ್ನು ನಾಟಕದ ತಾಲೀಮಿನ ನಡುವೆಯೇ ಪೊಲೀಸರು ಕರೆದೊಯ್ದ ಘಟನೆ — ಇವೆಲ್ಲವೂ ಸೇರಿದ್ದವು. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಲಿಂಡ್‌ಗ್ರೆನ್ ತೆರಿಗೆಯ ವಿರೋಧಿಯಾಗಿರಲಿಲ್ಲ. ಅವರು ಆಳುವ ಪಕ್ಷದ ಹಳೆಯ ಬೆಂಬಲಿಗರಾಗಿದ್ದರು, ಆ ನಂತರವೂ ತಮ್ಮನ್ನು ಸೋಷಿಯಲ್ ಡೆಮಾಕ್ರಟ್ ಎಂದೇ ಕರೆದುಕೊಂಡರು. ಅವರ ಸಿಟ್ಟಿದ್ದದ್ದು ಅಧಿಕಾರದಲ್ಲಿ ಬಹಳ ಕಾಲ ಕುಳಿತವರಿಗೆ ಬರುವ ಕಿವುಡಿನ ಮೇಲೆ. ‘ನೀನು ಸಣ್ಣವಳು, ನಿನಗೆ ಇದು ತಿಳಿಯುವುದಿಲ್ಲ’ ಎಂಬ ಧ್ವನಿಯ ಮೇಲೆ. ಮಗುವಿನೊಡನೆ ದೊಡ್ಡವರು ಆಡುವ ಧ್ವನಿಯೂ ಇದೇ ಅಲ್ಲವೇ?

ಅವರ ಬದುಕಿನ ಉದ್ದಕ್ಕೂ ಹರಿದಿರುವ ಎಳೆ ಇದು. ಬಲವಿರುವವರು ಬಲವಿಲ್ಲದವರೊಡನೆ ಹೇಗೆ ನಡೆದುಕೊಳ್ಳಬೇಕು? ಈ ಒಂದೇ ಪ್ರಶ್ನೆಯನ್ನು ಅವರು ಮಕ್ಕಳ ಕಥೆಗಳಲ್ಲಿ ಐವತ್ತು ಬಗೆಯಾಗಿ ಕೇಳಿದರು. ಬಳಿಕ ಸಾರ್ವಜನಿಕ ಬದುಕಿನಲ್ಲಿ ಮೂರು ಬಾರಿ, ಮೂರು ಬೇರೆ ಬೇರೆ ವಿಷಯಗಳ ನೆಪದಲ್ಲಿ ಕೇಳಿದರು. ತೆರಿಗೆ ಅವುಗಳಲ್ಲಿ ಮೊದಲನೆಯದು ಮಾತ್ರ.

ಆಸ್ಟ್ರಿಡ್ ಹುಟ್ಟಿದ್ದು 1907ರ ನವೆಂಬರ್ 14ರಂದು, ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡ್ ಪ್ರಾಂತ್ಯದ ವಿಮ್ಮರ್ಬಿ ಪಟ್ಟಣದ ಹತ್ತಿರದ ನೇಸ್ ಎಂಬಲ್ಲಿ. ತಂದೆ ಸಾಮುಯೆಲ್ ಆಗಸ್ಟ್ ಗೇಣಿ ರೈತರು. ಇಗರ್ಜಿಗೆ ಸೇರಿದ ಜಮೀನನ್ನು ಸಾಗುವಳಿ ಮಾಡುತ್ತಿದ್ದರು. ತಾಯಿ ಹಾನಾ. ಒಬ್ಬ ಅಣ್ಣ, ಇಬ್ಬರು ತಂಗಿಯರು. ಹೊಲದಲ್ಲಿ ದುಡಿಯಬೇಕಿತ್ತು, ಆದರೆ ದುಡಿಮೆ ಮುಗಿದ ಮೇಲೆ ಮಕ್ಕಳನ್ನು ಯಾರೂ ಹಿಡಿದು ನಿಲ್ಲಿಸುತ್ತಿರಲಿಲ್ಲ. ಭದ್ರತೆ ಮತ್ತು ಸ್ವಾತಂತ್ರ್ಯ — ತಮ್ಮ ಬಾಲ್ಯವನ್ನು ಬಾಲ್ಯವನ್ನಾಗಿಸಿದ್ದು ಇವೆರಡೇ ಎಂದು ಅವರು ಮುಂದೆ ಹಲವು ಸಲ ಹೇಳಿದ್ದುಂಟು.

ಆ ಬಾಲ್ಯ ಮುಗಿದದ್ದು ಥಟ್ಟನೆ. ಶಾಲೆ ಮುಗಿಸಿ ಊರಿನ ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗಿ ಹದಿನೆಂಟರ ವಯಸ್ಸಿನಲ್ಲಿ ಗರ್ಭಿಣಿಯಾದಳು. ಮಗುವಿನ ತಂದೆ ಅದೇ ಪತ್ರಿಕೆಯ ಸಂಪಾದಕ. ವಿವಾಹಿತ, ಹಲವು ಮಕ್ಕಳ ತಂದೆ. ಆತ ಮದುವೆಗೆ ಸಿದ್ಧನಿದ್ದ, ಆಸ್ಟ್ರಿಡ್ ಒಪ್ಪಲಿಲ್ಲ. ಸಣ್ಣ ಊರಿನ ನಾಲಗೆಗಳಿಂದ ದೂರವಾಗಿ ಸ್ಟಾಕ್‌ಹೋಮಿಗೆ ಹೋಗಿ ಶೀಘ್ರಲಿಪಿ, ಬೆರಳಚ್ಚು ಕಲಿತರು. ತಂದೆಯ ಹೆಸರು ಬಹಿರಂಗವಾಗದಂತೆ ಹೆರಿಗೆ ಮಾಡಿಸುವ ಆಸ್ಪತ್ರೆ ಕೋಪನ್‌ಹೇಗನ್ನಿನಲ್ಲಿದೆ ಎಂದು ತಿಳಿಸಿ ನೆರವಾದವರು ಮಹಿಳಾ ವಕೀಲೆ ಏವಾ ಆಂದೇನ್. 1926ರ ಡಿಸೆಂಬರ್ 4ರಂದು ಮಗ ಲಾರ್ಸ್ ಅಲ್ಲಿ ಹುಟ್ಟಿದ. ಹಸುಗೂಸನ್ನು ಆ ಊರಿನ ಸಾಕುತಾಯಿಯೊಬ್ಬಳ ಬಳಿ ಬಿಟ್ಟು ತಾಯಿ ಸ್ಟಾಕ್‌ಹೋಮಿಗೆ ಮರಳಬೇಕಾಯಿತು.

ಮೂರು ವರ್ಷ ಹೀಗೆ ನಡೆಯಿತು. ಕಚೇರಿಯ ಗುಮಾಸ್ತೆಯ ಸಂಬಳದಲ್ಲಿ ಹೊಟ್ಟೆ ಕಟ್ಟಿ ಉಳಿಸಿದ ಹಣದಿಂದ ರೈಲು ಟಿಕೆಟ್ ಕೊಂಡು, ರಜೆ ಸಿಕ್ಕಾಗಲೆಲ್ಲ ಮಗನನ್ನು ನೋಡಿಬರುವುದು. ಸಾಕುತಾಯಿ ಕಾಯಿಲೆ ಬಿದ್ದಾಗ, 1930ರಲ್ಲಿ, ಮಗುವನ್ನು ಕರೆತಂದರು. ಕೆಲವು ತಿಂಗಳ ನಂತರ ನೇಸ್‌ನ ಅಜ್ಜ-ಅಜ್ಜಿ ಅವನನ್ನು ಮನೆ ತುಂಬಿಸಿಕೊಂಡರು. 1931ರಲ್ಲಿ ಸ್ಟೂರೆ ಲಿಂಡ್‌ಗ್ರೆನ್ ಅವರೊಡನೆ ಮದುವೆಯಾದ ಮೇಲೆ ಮಗ ತಾಯಿಯ ಮಡಿಲಿಗೆ ಬಂದ. 1934ರಲ್ಲಿ ಮಗಳು ಕಾರಿನ್ ಹುಟ್ಟಿದಳು. ಅವರ ಕಥೆಗಳಲ್ಲಿ ಒಂಟಿ ಗಂಡುಮಕ್ಕಳು ಇಷ್ಟೊಂದು ಸಲ ಏಕೆ ಬರುತ್ತಾರೆ, ಯಾರದೋ ಮನೆಯಲ್ಲಿ ಬೆಳೆಯುತ್ತ ತಮ್ಮವರಿಗಾಗಿ ಏಕೆ ಹಂಬಲಿಸುತ್ತಾರೆ ಎಂದು ವಿಮರ್ಶಕರು ಕೇಳಿದ್ದಾರೆ. 1954ರ ‘ಮಿಯೋ, ನನ್ನ ಮಿಯೋ’ ಕಾದಂಬರಿಯ, ಸಾಕುಮನೆಯಲ್ಲಿ ಪ್ರೀತಿ ಕಾಣದ ಹುಡುಗನನ್ನು ಓದುವಾಗ ಆ ಮೂರು ವರ್ಷಗಳು ನೆನಪಾಗದೇ ಇರುವುದಿಲ್ಲ.

1939ರ ಸೆಪ್ಟೆಂಬರ್ 1ರಂದು, ಹಿಟ್ಲರನ ಸೇನೆ ಪೋಲೆಂಡಿನೊಳಗೆ ನುಗ್ಗಿದ ದಿನ, ಲಿಂಡ್‌ಗ್ರೆನ್ ದಿನಚರಿ ಬರೆಯತೊಡಗಿದರು. ಸ್ವೀಡನ್ ತಟಸ್ಥ ರಾಷ್ಟ್ರ. ಆದರೂ 1940ರಿಂದ ಅವರಿಗೆ ಸಿಕ್ಕಿದ್ದು ಸರ್ಕಾರದ ಗುಪ್ತ ಕೆಲಸ: ವಿದೇಶಗಳ ಜೊತೆಗಿನ ಪತ್ರಗಳನ್ನು ಒಡೆದು ಓದುವ ಸೆನ್ಸಾರ್ ಕಚೇರಿ. ಯುರೋಪಿನ ಸಂಕಟ ಅವರಿಗೆ ವಾರ್ತೆಯಾಗಿ ಬರಲಿಲ್ಲ, ಸಾಮಾನ್ಯ ಜನರ ಕೈಬರಹದಲ್ಲಿ ಬಂತು. ಹದಿನೇಳು ಸಂಪುಟಗಳ ಆ ದಿನಚರಿ ಪುಸ್ತಕವಾಗಿ ಹೊರಬಂದದ್ದು 2015ರಲ್ಲಿ. ಸರ್ವಾಧಿಕಾರಿಗಳ ಕುರಿತ ಭೀತಿ, ತಿರಸ್ಕಾರ ಅದರ ಪುಟಪುಟದಲ್ಲೂ ಇದೆ.

‘ಪಿಪ್ಪಿ’ ಹುಟ್ಟಿದ್ದು ಇದೇ ಯುದ್ಧದ ನಡುವೆ. 1941ರಲ್ಲಿ ನ್ಯುಮೋನಿಯಾದಿಂದ ಮಲಗಿದ್ದ ಏಳು ವರ್ಷದ ಕಾರಿನ್, ಪಿಪ್ಪಿ ಲಾಂಗ್‌ಸ್ಟ್ರಂಪ್ ಎಂಬ ಹೆಸರೊಂದನ್ನು ಆ ಕ್ಷಣಕ್ಕೆ ಕಲ್ಪಿಸಿಕೊಂಡು, ಅವಳ ಕಥೆ ಹೇಳು ಎಂದು ತಾಯಿಯನ್ನು ಪೀಡಿಸಿದಳು. ಹೆಸರು ವಿಚಿತ್ರವಾದ್ದರಿಂದ ಹುಡುಗಿಯೂ ವಿಚಿತ್ರವಾಗಬೇಕಾಯಿತು. ಉದ್ದ ಕಾಲುಚೀಲದ, ಕೆಂಪು ಜಡೆಯ, ಒಂಬತ್ತು ವರ್ಷದ ಪಿಪ್ಪಿಗೆ ತಾಯಿಯಿಲ್ಲ. ತಂದೆ ಎಲ್ಲೋ ಸಮುದ್ರದಲ್ಲಿ. ಒಂದು ಕುದುರೆ, ಒಂದು ಕೋತಿ, ಒಂದು ಪೆಟ್ಟಿಗೆ ಚಿನ್ನದ ನಾಣ್ಯ — ಇಷ್ಟರೊಡನೆ ಒಬ್ಬಳೇ ಒಂದು ಮನೆಯಲ್ಲಿ ವಾಸ. ಕುದುರೆಯನ್ನು ಎರಡು ಕೈಯಿಂದ ಎತ್ತಿ ಇಳಿಸುವಷ್ಟು ಬಲ. ಮೂರು ವರ್ಷ ಬಾಯಿಮಾತಿನಲ್ಲೇ ಇದ್ದ ಈ ಕಥೆ ಕಾಗದಕ್ಕೆ ಇಳಿದದ್ದು 1944ರಲ್ಲಿ, ಮಂಜಿನ ಮೇಲೆ ಜಾರಿ ಕಾಲು ಉಳುಕಿಸಿಕೊಂಡ ತಾಯಿ ಹಾಸಿಗೆ ಹಿಡಿದಾಗ. ಮಗಳ ಹತ್ತನೆಯ ಹುಟ್ಟುಹಬ್ಬಕ್ಕೆ ಅದೇ ಉಡುಗೊರೆಯಾಯಿತು.

ಹಸ್ತಪ್ರತಿಯ ಒಂದು ನಕಲು ದೇಶದ ಹೆಸರಾಂತ ಪ್ರಕಾಶಕರಾದ ಬೋನ್ನಿಯರ್ ಸಂಸ್ಥೆಗೆ ಹೋಯಿತು. ಜೊತೆಗಿದ್ದ ಪತ್ರ ಕುತೂಹಲಕರ. ಅಧಿಕಾರದ ಬಯಕೆ ಮಕ್ಕಳ ಮನಸ್ಸಿನಲ್ಲಿ ಎಷ್ಟು ಆಳವಾಗಿದೆ ಎಂಬ ಬರ್ಟ್ರಂಡ್ ರಸೆಲ್ ಅವರ ವಿಚಾರವನ್ನು ಲೇಖಕಿ ಅದರಲ್ಲಿ ಪ್ರಸ್ತಾಪಿಸಿದ್ದರು. ಕೊನೆಗೆ, ನನಗೂ ಇಬ್ಬರು ಮಕ್ಕಳಿದ್ದಾರೆ, ದಯವಿಟ್ಟು ಮಕ್ಕಳ ಕಲ್ಯಾಣ ಮಂಡಳಿಗೆ ದೂರು ಕೊಡಬೇಡಿ ಎಂಬರ್ಥದ ತಮಾಷೆ. ಬೋನ್ನಿಯರ್ ಪುಸ್ತಕವನ್ನು ತಿರಸ್ಕರಿಸಿತು. ಕೆಲವು ಅಂಚುಗಳನ್ನು ನಯಗೊಳಿಸಿ ತಿದ್ದಿದ ಪ್ರತಿ 1945ರಲ್ಲಿ ರಾಬೆನ್ ಅಂಡ್ ಶೋಗ್ರೆನ್ ಎಂಬ ಚಿಕ್ಕ ಪ್ರಕಾಶನ ಏರ್ಪಡಿಸಿದ್ದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದು ಆ ವರ್ಷವೇ ಪ್ರಕಟವಾಯಿತು. ಮುಂದಿನದು ಪ್ರಕಾಶನ ಲೋಕದ ಇತಿಹಾಸ.

ಎಲ್ಲರೂ ಮೆಚ್ಚಿದರೆಂದಲ್ಲ. 1946ರಲ್ಲಿ ಯೋನ್ ಲಾಂಡ್‌ಕ್ವಿಸ್ಟ್ ಎಂಬ ಪ್ರಾಧ್ಯಾಪಕರು ಪತ್ರಿಕೆಯಲ್ಲಿ ಕಟುವಾಗಿ ಬರೆದರು. ಸಾಮಾನ್ಯ ಮಗು ಯಾವುದೂ ಇಡೀ ಕೇಕನ್ನು ಒಬ್ಬಳೇ ತಿಂದು ಮುಗಿಸುವುದಿಲ್ಲ. ಇದು ಅಭಿರುಚಿಹೀನ, ಅಸ್ವಸ್ಥ ಕಲ್ಪನೆ ಎಂಬುದು ಅವರ ಆಕ್ಷೇಪ. ಪ್ರಾಧ್ಯಾಪಕರು ಕೇಕಿನ ಮೇಲೆಯೇ ಕಣ್ಣಿಟ್ಟು, ಅದಕ್ಕಿಂತ ಮುಖ್ಯವಾದದ್ದನ್ನು ಬಿಟ್ಟರು ಎಂದು ನನಗನ್ನಿಸುತ್ತದೆ. ಪಿಪ್ಪಿ ಜಗತ್ತಿನ ಅತ್ಯಂತ ಬಲಶಾಲಿ ಹುಡುಗಿ. ಸಿರಿವಂತಳೂ ಹೌದು. ಆದರೂ ಆ ಬಲವನ್ನು ಆಕೆ ಯಾರನ್ನೂ ತುಳಿಯಲು ಬಳಸುವುದಿಲ್ಲ. ಸಣ್ಣ ಹುಡುಗನನ್ನು ಹೊಡೆಯುವ ಪುಂಡರನ್ನು ಎತ್ತಿ ಮರದ ಕೊಂಬೆಗೆ ತೂಗುಹಾಕುತ್ತಾಳೆ. ಅನಾಥಾಲಯಕ್ಕೆ ಸೇರಿಸಲು ಬಂದ ಪೊಲೀಸರೊಡನೆ ಮುಟ್ಟಾಟವಾಡಿ, ಅವರನ್ನು ಹೊರಗೆ ಹೊತ್ತೊಯ್ದು ಬಿಟ್ಟು, ತಿನ್ನಲು ಬಿಸ್ಕತ್ತು ಕೊಟ್ಟು ಕಳುಹಿಸುತ್ತಾಳೆ. ಸರ್ಕಸ್ಸಿನಲ್ಲಿ ಆಕೆ ನೆಲಕ್ಕೆ ಕೆಡವುವ ಜಟ್ಟಿಯ ಹೆಸರು ಬಲಶಾಲಿ ಅಡಾಲ್ಫ್! 1945ರ ಯುರೋಪಿನಲ್ಲಿ ಆ ಹೆಸರಿನ ಅರ್ಥವನ್ನು ಯಾವ ಓದುಗನಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1946ರಿಂದ 1970ರವರೆಗೆ ಅದೇ ಪ್ರಕಾಶನದಲ್ಲಿ ಲಿಂಡ್‌ಗ್ರೆನ್ ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿದ್ದರು. ಬೆಳಗ್ಗೆ ಹಾಸಿಗೆಯಲ್ಲಿಯೇ ಕುಳಿತು ತಮ್ಮ ಬರವಣಿಗೆ. ಮಧ್ಯಾಹ್ನದ ನಂತರ ಕಚೇರಿಯಲ್ಲಿ ಇತರರ ಹಸ್ತಪ್ರತಿಗಳು. ಹದಿಹರೆಯದಲ್ಲಿ ಹೊಟ್ಟೆಪಾಡಿಗೆ ಕಲಿತ ಶೀಘ್ರಲಿಪಿ ಕೊನೆಯವರೆಗೂ ಅವರ ಸಾಹಿತ್ಯದ ಲಿಪಿಯಾಯಿತು. ಗುಮಾಸ್ತೆಯರ ನೋಟ್‌ಪುಸ್ತಕಗಳಲ್ಲಿ ಮೊದಲು ಬರೆದು, ತಿದ್ದಿ, ಆಮೇಲೆ ತಾವೇ ಬೆರಳಚ್ಚು ಮಾಡುತ್ತಿದ್ದರು. 1952ರಲ್ಲಿ ಪತಿ ತೀರಿಕೊಂಡರು. 1941ರಲ್ಲಿ ಸೇರಿದ್ದ ಸ್ಟಾಕ್‌ಹೋಮಿನ ದಾಲಾಗಾತನ್ ಬೀದಿಯ ಅದೇ ಮನೆಯಲ್ಲಿಯೇ, ಜಗತ್ಪ್ರಸಿದ್ಧರಾದ ಮೇಲೂ, ಕೊನೆಯುಸಿರಿನವರೆಗೆ ವಾಸವಾಗಿದ್ದರು.

ಅವರ ಮುಂದಿನ ಪುಸ್ತಕಗಳಲ್ಲಿ ಅಧಿಕಾರದ ಪ್ರಶ್ನೆ ಬೇರೆ ಬೇರೆ ವೇಷ ತೊಟ್ಟು ಬರುತ್ತದೆ. 1963ರಲ್ಲಿ ಬಂದ ಎಮಿಲ್ ಎಂಬ ಹಳ್ಳಿ ಹುಡುಗ ಒಳ್ಳೆಯದನ್ನು ಮಾಡಲು ಹೋಗಿ ಪ್ರತಿಸಲ ಎಡವಟ್ಟು ಮಾಡುತ್ತಾನೆ. ಸಿಟ್ಟಿಗೇಳುವ ತಂದೆ ಅವನನ್ನು ಸೌದೆಯ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತಾನೆ. ಕೂಡಿಹಾಕಿದಾಗಲೆಲ್ಲ ಹುಡುಗ ಒಂದೊಂದು ಮರದ ಬೊಂಬೆ ಕೆತ್ತುತ್ತಾನೆ. ಇಂಥ ಎಮಿಲ್ ಮುಂದೆ ಊರಿನ ಸ್ಥಳೀಯ ಆಡಳಿತ ಮಂಡಳಿಯ ಅಧ್ಯಕ್ಷನಾದ ಎಂದು ಲೇಖಕಿ ನಡುನಡುವೆ ನೆನಪಿಸುತ್ತಾರೆ. ತುಂಟ ಮಗುವಿನಲ್ಲಿ ನಾಳಿನ ಆಡಳಿತಗಾರನನ್ನು ಕಾಣಲು ಒಂದು ಬಗೆಯ ಧೈರ್ಯ ಬೇಕು. 1973ರ ‘ಸಿಂಹಹೃದಯದ ಸೋದರರು’ ಕಾದಂಬರಿಯಲ್ಲಿ ತೆಂಗಿಲ್ ಎಂಬ ಕ್ರೂರ ದೊರೆಯ ವಿರುದ್ಧ ಹೋರಾಡುವ ಅಣ್ಣ ಯಾರನ್ನೂ ಕೊಲ್ಲಲಾರೆ ಎನ್ನುತ್ತಾನೆ. ಹಾಗೆಂದು ಹೋರಾಟದಿಂದ ಹಿಂದೆ ಸರಿಯುವುದಿಲ್ಲ. 1981ರಲ್ಲಿ ಪ್ರಕಟವಾದ ‘ರೋನಿಯಾ’ ದರೋಡೆಕೋರ ನಾಯಕನ ಮಗಳ ಕಥೆ. ತಂದೆಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಲೇ ಆಕೆ ದರೋಡೆಯ ದಂಧೆಯನ್ನು ನಿರಾಕರಿಸುತ್ತಾಳೆ.

ಸಾರ್ವಜನಿಕ ಬದುಕಿನ ಎರಡನೆಯ ಪ್ರಶ್ನೆ ಬಂದದ್ದು 1978ರಲ್ಲಿ. ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿಗೆ ಅವರು ಆಯ್ಕೆಯಾದರು. ಮುಂಚಿತವಾಗಿ ಕಳುಹಿಸಿದ ಭಾಷಣದ ಪ್ರತಿಯನ್ನು ಓದಿದ ಸಂಘಟಕರು ಅಳುಕಿದರು. ಪ್ರಶಸ್ತಿಯನ್ನಷ್ಟೇ ಸ್ವೀಕರಿಸಿ, ಭಾಷಣ ಬೇಡ ಎಂದರು. ಹಾಗಾದರೆ ಬರುವುದೇ ಇಲ್ಲ ಎಂದು ಲೇಖಕಿ ತಿಳಿಸಿದ ಮೇಲೆ ಸಂಘಟಕರೇ ಮಣಿಯಬೇಕಾಯಿತು. ಫ್ರಾಂಕ್‌ಫರ್ಟಿನ ಆ ಭಾಷಣದ ವಿಷಯ: ಮಕ್ಕಳ ಮೇಲೆ ಎಂದಿಗೂ ಕೈ ಮಾಡಕೂಡದು. ಜಗತ್ತಿನ ಶಾಂತಿಯನ್ನು ಕುರಿತು ಮಾತನಾಡಬೇಕಾದ ವೇದಿಕೆಯಲ್ಲಿ ಅವರು ಮನೆಯೊಳಗಿನ ಬೆತ್ತದ ಬಗ್ಗೆ ಮಾತನಾಡಿದರು. ಯುದ್ಧ ಹೂಡುವವರೂ ಒಂದು ಕಾಲದಲ್ಲಿ ಮಕ್ಕಳೇ ಆಗಿದ್ದರು. ಬಲವೇ ನ್ಯಾಯ ಎಂಬ ಪಾಠವನ್ನು ಅವರಿಗೆ ಯಾರು, ಎಲ್ಲಿ ಕಲಿಸಿದರು ಎಂಬುದು ಅವರ ವಾದದ ತಿರುಳು.

ಅಂದು ಅವರು ಒಬ್ಬ ವೃದ್ಧೆಯಿಂದ ಕೇಳಿದ ಘಟನೆಯೊಂದನ್ನು ಹೇಳಿದರು. ಬೆತ್ತ ಬಿಟ್ಟರೆ ಮಗು ಕೆಡುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ತಪ್ಪು ಮಾಡಿದ ಪುಟ್ಟ ಮಗನಿಗೆ ತಾಯಿ, ನೀನೇ ಹೋಗಿ ಹೊಡೆಯಲು ಬರಲು ತಾ ಎಂದಳು. ಬಹಳ ಹೊತ್ತಾದ ಮೇಲೆ ಅಳುತ್ತ ಬಂದ ಮಗು, ಬರಲು ಸಿಗಲಿಲ್ಲ, ಎಸೆಯಲು ಈ ಕಲ್ಲನ್ನು ತಂದಿದ್ದೇನೆ ಎಂದು ಕೈ ಚಾಚಿತು. ಅಮ್ಮನಿಗೆ ಬೇಕಿರುವುದು ನನ್ನನ್ನು ನೋಯಿಸುವುದು ತಾನೇ, ಅದಕ್ಕೆ ಕಲ್ಲಾದರೇನು ಎಂಬುದು ಮಗುವಿನ ತರ್ಕ. ತಾಯಿ ಮಗುವನ್ನು ತಬ್ಬಿಕೊಂಡು ಅತ್ತಳು. ಆ ಕಲ್ಲನ್ನು ಅಡುಗೆಮನೆಯ ಹಲಗೆಯ ಮೇಲಿಟ್ಟಳು. ತನಗೆ ತಾನೇ ಕೊಟ್ಟುಕೊಂಡ ಮಾತಿನ ಗುರುತಾಗಿ ಅದು ಅಲ್ಲಿಯೇ ಉಳಿಯಿತು.

ಮರುವರ್ಷ, 1979ರ ಜುಲೈ 1ರಿಂದ, ಹೆತ್ತವರೂ ಮಕ್ಕಳಿಗೆ ಹೊಡೆಯಬಾರದು ಎಂಬ ಕಾನೂನು ಸ್ವೀಡನ್ನಿನಲ್ಲಿ ಜಾರಿಗೆ ಬಂತು. ಜಗತ್ತಿನಲ್ಲಿ ಅಂಥ ಮೊದಲ ಕಾನೂನು ಅದು. ಸಂಸತ್ತಿನಲ್ಲಿ ಅದರ ಪರ 259, ವಿರುದ್ಧ ಕೇವಲ 6 ಮತಗಳು ಬಿದ್ದವು. ಇದರ ಸಿದ್ಧತೆ ಭಾಷಣಕ್ಕೆ ಮೊದಲೇ ನಡೆದಿತ್ತು. ಆದ್ದರಿಂದ ಕಾನೂನಿನ ಶ್ರೇಯಸ್ಸೆಲ್ಲ ಲಿಂಡ್‌ಗ್ರೆನ್ ಅವರದೇ ಎನ್ನಲಾಗದು. ಆದರೆ ಮೂರು ದಶಕಗಳಿಂದ ಅವರ ಪುಸ್ತಕಗಳನ್ನು ಓದುತ್ತ ಬೆಳೆದಿದ್ದ ತಲೆಮಾರೇ ಆ ಹೊತ್ತಿಗೆ ತಂದೆತಾಯಂದಿರ ಸ್ಥಾನದಲ್ಲಿತ್ತು ಎಂಬುದನ್ನು ಮರೆಯುವಂತಿಲ್ಲ.

ಆಡಳಿತಗಾರನಾಗಿ ನನ್ನ ಗಮನ ಸೆಳೆಯುವುದು ಆ ಕಾನೂನನ್ನು ರೂಪಿಸಿದ ಬಗೆ. ಅದು ದಂಡಸಂಹಿತೆಯಲ್ಲಿ ಸೇರಲಿಲ್ಲ. ಹೆತ್ತವರು ಮತ್ತು ಮಕ್ಕಳ ಸಂಬಂಧವನ್ನು ಕುರಿತ ಸಂಹಿತೆಯಲ್ಲಿ ಸೇರಿತು. ಅದರಲ್ಲಿ ಪ್ರತ್ಯೇಕ ಶಿಕ್ಷೆಯನ್ನು ನಮೂದಿಸಿರಲಿಲ್ಲ. ಹೊಡೆಯಬಾರದು ಎಂದು ಹೇಳುವ ಕಾನೂನೇ ಬೆತ್ತ ಹಿಡಿದು ನಿಂತರೆ ಹೇಗೆ? ಅದರ ಬದಲು ಸರ್ಕಾರ ಮನೆಮನೆಗೆ ಕಿರುಪುಸ್ತಿಕೆ ಹಂಚಿತು. ಹಾಲಿನ ಪೊಟ್ಟಣಗಳ ಮೇಲೆ ಈ ಸಂಗತಿಯನ್ನು ಅಚ್ಚು ಮಾಡಿಸಿತು. ಬೆಳಗಿನ ಊಟದ ಮೇಜಿನಲ್ಲಿ ಮಗುವೂ ಅದನ್ನು ಓದಿತು, ಅಪ್ಪ-ಅಮ್ಮನೂ ಓದಿದರು. ಇಂದು 60ಕ್ಕೂ ಹೆಚ್ಚು ದೇಶಗಳು ಆ ದಾರಿ ಹಿಡಿದಿವೆ.

ಮೂರನೆಯ ಪ್ರಶ್ನೆಯನ್ನು ಕೇಳುವಾಗ ಅವರಿಗೆ ಎಂಬತ್ತು ಸಮೀಪಿಸಿತ್ತು. 1985ರಿಂದ ಪಶುವೈದ್ಯೆ ಕ್ರಿಸ್ಟೀನಾ ಫೋರ್ಸ್‌ಲುಂಡ್ ಅವರ ಜೊತೆಗೂಡಿ ಪತ್ರಿಕೆಗಳಲ್ಲಿ ಸಾಲು ಸಾಲು ಲೇಖನ ಬರೆದರು. ಸೂರ್ಯನ ಬೆಳಕು ಕಾಣದ ಕೊಟ್ಟಿಗೆಯಲ್ಲಿ ಬದುಕೆಲ್ಲ ಕಟ್ಟುಹಾಕಿಸಿಕೊಂಡ ಹಸು, ಹೊರಳಲೂ ಜಾಗವಿಲ್ಲದ ಹಂದಿ, ಪಂಜರದ ಕೋಳಿ — ಕೈಗಾರಿಕೆಯಾಗಿ ಮಾರ್ಪಟ್ಟ ಪಶುಸಂಗೋಪನೆಯ ಈ ಮುಖವನ್ನು ರೈತನ ಮಗಳು ಹಿಡಿದು ತೋರಿಸಿದರು. 1987ರ ನವೆಂಬರಿನಲ್ಲಿ, ಅವರ ಎಂಬತ್ತನೆಯ ಹುಟ್ಟುಹಬ್ಬದ ಸಂದರ್ಭಕ್ಕೆ, ಪ್ರಧಾನಿ ಇಂಗ್ವಾರ್ ಕಾರ್ಲ್‌ಸನ್ ಹೊಸ ಪ್ರಾಣಿ ಸಂರಕ್ಷಣಾ ಕಾನೂನಿನ ಭರವಸೆ ಕೊಟ್ಟರು. 1988ರಲ್ಲಿ ಕಾನೂನು ಬಂತು. ಬೇಸಿಗೆಯಲ್ಲಿ ಹಸುಗಳು ಬಯಲಲ್ಲಿ ಮೇಯುವ ಹಕ್ಕನ್ನು ಅದು ಮಾನ್ಯ ಮಾಡಿತು. ಜನ ಅದನ್ನು ‘ಲಿಂಡ್‌ಗ್ರೆನ್ ಕಾನೂನು’ ಎಂದೇ ಕರೆದರು. ಸನ್ಮಾನದಿಂದ ಮರುಳಾಗುವ ಜೀವವಲ್ಲ ಅದು. ಕಾನೂನಿಗೆ ಹಲ್ಲಿಲ್ಲ ಎಂದು ಅವರು ಬಹಿರಂಗವಾಗಿಯೇ ಅತೃಪ್ತಿ ಸೂಚಿಸಿದರು. ಘೋಷಣೆಗೂ ಅನುಷ್ಠಾನಕ್ಕೂ ನಡುವಿನ ಅಂತರವನ್ನು ಬಲ್ಲ ನನ್ನಂಥವರಿಗೆ ಆ ಅತೃಪ್ತಿ ಬಹಳ ಪರಿಚಿತವಾದದ್ದು.

ಅವರ ಬರಹಗಳೂ ಟೀಕೆಗೆ ಹೊರತಲ್ಲ. ಪಿಪ್ಪಿಯ ತಂದೆಯನ್ನು ದಕ್ಷಿಣ ಸಮುದ್ರದ ದ್ವೀಪವೊಂದರ ‘ನೀಗ್ರೋ ದೊರೆ’ ಎಂದು ವರ್ಣಿಸಿದ್ದರಲ್ಲಿ ಆ ಕಾಲದ ಬಿಳಿಯರ ಮೇಲರಿಮೆ ಅಡಗಿದೆ ಎಂಬ ಆಕ್ಷೇಪ ನ್ಯಾಯವಾದದ್ದು. 2015ರ ಸ್ವೀಡಿಷ್ ಆವೃತ್ತಿಯಲ್ಲಿ ಆ ಪದವನ್ನು ಬದಲಿಸಲಾಯಿತು. ‘ಸಿಂಹಹೃದಯದ ಸೋದರರು’ ಸಾವನ್ನು ಮಕ್ಕಳ ಮುಂದೆ ಅತಿಯಾಗಿ ತೆರೆದಿಡುತ್ತದೆ ಎಂದು ದೊಡ್ಡವರು ಕಳವಳಗೊಂಡರು. ಮಕ್ಕಳಿಂದ ಬಂದ ಪತ್ರಗಳು ಬೇರೆಯದೇ ಹೇಳಿದವು. ಮುಂದೇನಾಯಿತು ಎಂಬುದಷ್ಟೇ ಅವರ ಚಿಂತೆ. ಜಗತ್ತಿನ ಮೂಲೆಮೂಲೆಗಳಿಂದ ಅವರಿಗೆ ಬಂದ ಸುಮಾರು 75 ಸಾವಿರ ಪತ್ರಗಳು ಸ್ಟಾಕ್‌ಹೋಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಆ ಸಂಗ್ರಹವನ್ನು ಯುನೆಸ್ಕೊ 2005ರಲ್ಲಿ ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿಸಿತು.

ನಮ್ಮ ಕಡೆಗೆ ತಿರುಗಿ ನೋಡಿದರೆ ಕೆಲವು ಪ್ರಶ್ನೆಗಳು ಏಳುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ವಿಧಿ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಮನೆಯೊಳಗೆ ಅಂಥ ನಿಷೇಧ ನಮ್ಮಲ್ಲಿಲ್ಲ. ‘ದಂಡಂ ದಶಗುಣಂ’ ಎಂಬ ಮಾತು ಶಾಲೆಯ ಅಂಗಳದಲ್ಲೂ ಮನೆಯ ಜಗಲಿಯಲ್ಲೂ ಇನ್ನೂ ಸಲೀಸಾಗಿ ಓಡಾಡಿಕೊಂಡಿದೆ. ‘ನಾವೂ ಏಟು ತಿಂದೇ ಉದ್ಧಾರವಾದವರು’ ಎಂದು ನನ್ನ ವಯಸ್ಸಿನವರು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ಉದ್ಧಾರವಾದದ್ದು ಏಟಿನಿಂದಲೋ, ಏಟಿನ ನಡುವೆಯೂ ಸಿಕ್ಕ ಪ್ರೀತಿಯಿಂದಲೋ ಎಂದು ಲೆಕ್ಕ ಹಾಕಿದವರು ಕಡಿಮೆ.

ಸಾಹಿತ್ಯದ ಮಾತಿಗೆ ಬಂದರೆ, ಕನ್ನಡಕ್ಕೆ ಪಂಜೆ ಮಂಗೇಶರಾಯರಿಂದ ಮೊದಲ್ಗೊಂಡು ಮಕ್ಕಳಿಗಾಗಿ ಬರೆದ ದೊಡ್ಡವರ ಪರಂಪರೆಯಿದೆ. ಮೂವತ್ತರ ದಶಕದಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಕಟ್ಟಿಕೊಟ್ಟ ಶಿವರಾಮ ಕಾರಂತರು, ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರದ ವಿರುದ್ಧ ದನಿಯೆತ್ತಿ 1989ರಲ್ಲಿ ಲೋಕಸಭೆಯ ಚುನಾವಣೆಗೂ ನಿಂತರು. ಮಕ್ಕಳಿಗೆ ಲೋಕವನ್ನು ಪರಿಚಯಿಸಿದವರು ಆ ಲೋಕವನ್ನು ಕಾಯುವ ಹೊಣೆಯನ್ನೂ ಹೊರುತ್ತಾರೆ ಎಂಬುದಕ್ಕೆ ಇದು ನಮ್ಮದೇ ನಿದರ್ಶನ. ಆದರೂ ಮಕ್ಕಳ ಸಾಹಿತ್ಯ ಎಂದೊಡನೆ ಅದೊಂದು ಹಗುರವಾದ, ಕೊನೆಯ ಸಾಲಿನ ವ್ಯವಹಾರ ಎಂಬ ಭಾವನೆ ನಮ್ಮ ವಿದ್ವತ್ ವಲಯದಿಂದ ಹೋಗಿಲ್ಲ. ನೀತಿಪಾಠವನ್ನು ಸಕ್ಕರೆಯಲ್ಲಿ ಅದ್ದಿ ಕೊಡುವುದೇ ಆ ಸಾಹಿತ್ಯದ ಕೆಲಸ ಎಂದು ಪೋಷಕರೂ ನಂಬಿದ್ದಾರೆ. ಲಿಂಡ್‌ಗ್ರೆನ್ ಪಾಠ ಹೇಳಲಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತು, ದೊಡ್ಡವರ ಲೋಕವನ್ನು ಮಗುವಿನ ಎತ್ತರದಿಂದ ನೋಡಿದರು. ಅಲ್ಲಿಂದ ನೋಡಿದರೆ ಬಹಳಷ್ಟು ಗಣ್ಯರ ಗಾಂಭೀರ್ಯದ ಕೆಳಗಿನ ಪೊಳ್ಳು ಕಾಣುತ್ತದೆ.

2002ರ ಜನವರಿ 28ರಂದು, 94ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಮಾರ್ಚ್ 8ರ ಅಂತ್ಯಸಂಸ್ಕಾರಕ್ಕೆ ಸ್ವೀಡನ್ನಿನ ರಾಜ ದಂಪತಿ ಮತ್ತು ಪ್ರಧಾನಿ ಬಂದಿದ್ದರು. ಬೀದಿಗಳಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಅದೇ ವರ್ಷ ಸರ್ಕಾರ ಅವರ ಹೆಸರಿನಲ್ಲಿ ಐವತ್ತು ಲಕ್ಷ ಕ್ರೋನಾ ಮೊತ್ತದ ಅಂತರರಾಷ್ಟ್ರೀಯ ಮಕ್ಕಳ ಸಾಹಿತ್ಯ ಪ್ರಶಸ್ತಿಯನ್ನು ಸ್ಥಾಪಿಸಿತು. 2015ರಿಂದ ಸ್ವೀಡನ್ನಿನ ಇಪ್ಪತ್ತು ಕ್ರೋನಾ ನೋಟಿನ ಮೇಲೆ ಅವರ ಮುಖವಿದೆ. ಖಜಾನೆಯೊಡನೆ ಜಗಳವಾಡಿದವರ ಚಿತ್ರವನ್ನೇ ಹಣದ ಮೇಲೆ ಅಚ್ಚು ಹಾಕಿಸುವ ದೇಶಕ್ಕೆ ತನ್ನನ್ನು ತಾನು ತಿದ್ದಿಕೊಳ್ಳುವುದು ಗೊತ್ತಿದೆ ಎಂದೇ ಅರ್ಥ.

ಅರ್ಥಶಾಸ್ತ್ರದಲ್ಲಿ ಕಲ್ಯಾಣ ರಾಜ್ಯವನ್ನು ಅಳೆಯಲು ಅನೇಕ ಸೂಚ್ಯಂಕಗಳಿವೆ. ತಲಾದಾಯ, ಸಾಕ್ಷರತೆ, ಆಯುರ್ಮಾನ ಎಲ್ಲವೂ ಅಗತ್ಯವಾದವೇ. ಅವುಗಳ ಜೊತೆಗೆ ಲಿಂಡ್‌ಗ್ರೆನ್ ಅವರ ಅಳತೆಗೋಲನ್ನೂ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ನಂಬಿಕೆ. ಮತವಿಲ್ಲದ ಮಗು, ಮಾತಿಲ್ಲದ ಪಶು, ಕಚೇರಿಯ ಕಿಟಕಿಯ ಹೊರಗೆ ನಿಂತ ಸಾಮಾನ್ಯ ಮನುಷ್ಯ — ತಿರುಗಿ ಹೊಡೆಯಲಾರದ ಇವರೊಡನೆ ನಮ್ಮ ಮನೆ, ನಮ್ಮ ಶಾಲೆ, ನಮ್ಮ ಸರ್ಕಾರ ಹೇಗೆ ನಡೆದುಕೊಳ್ಳುತ್ತವೆ? ಆ ಉತ್ತರ ಯಾವ ಆರ್ಥಿಕ ಸಮೀಕ್ಷೆಯ ಕೋಷ್ಟಕದಲ್ಲಿಯೂ ಸಿಗುವುದಿಲ್ಲ. ಅದನ್ನು ನಾವು ಪ್ರತಿದಿನ, ನಮ್ಮ ನಮ್ಮ ಮನೆಗಳಿಂದಲೇ, ಬರೆಯುತ್ತಿರುತ್ತೇವೆ.